ವರ್ಷಗಟ್ಟಲೆ ನಿಂತ ಹಳೇ ಕಾರಿನ ಎಂಜಿನ್ ಸೀಜ್ ಆಗಿದೆಯೇ? ಸೆಲ್ಫ್ ಹೊಡೆಯುವ ಮುನ್ನ ಇದನ್ನು ಓದಿ

ಹೈದರಾಬಾದ್: ಹಳೇ ಹೈದರಾಬಾದ್‌ನ ಚೌಮಹಲ್ಲಾ ಅರಮನೆಗೆ ಹೋದವರು ಒಂದು ಹಳದಿ ಕಾರಿನ ಮುಂದೆ ನಿಲ್ಲದೆ ಬರುವುದಿಲ್ಲ. ಅದು 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್. ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅದನ್ನು ತರಿಸಲು ಆರ್ಡರ್ ಕೊಟ್ಟಿದ್ದರು. ಆದರೆ 1911ರ ಆಗಸ್ಟ್‌ನಲ್ಲೇ ಅವರು ತೀರಿಕೊಂಡರು. ಲಂಡನ್ನಿನ ಬಾರ್ಕರ್ ಕಂಪನಿ ಕಟ್ಟಿದ ಬಾಡಿ, ಹಿಂದೆ ಸಿಂಹಾಸನದಂತೆ ಎತ್ತರಿಸಿದ ಆಸನ. ಹೀಗಾಗಿ ಇದಕ್ಕೆ 'ಥ್ರೋನ್ ಕಾರ್' ಎಂದೇ ಹೆಸರು. ಶತಮಾನ ದಾಟಿದ ಈ ಕಾರು ಓಡಿದ್ದು ಬರೀ 356 ಮೈಲಿ, ಅಂದರೆ ಸುಮಾರು 573 ಕಿಲೋಮೀಟರ್ ಎನ್ನಲಾಗುತ್ತದೆ. ಹೈದರಾಬಾದ್‌ನಿಂದ ಬೆಂಗಳೂರಿಗೆ ಒಂದು ಸಲ ಹೋದಷ್ಟು ದೂರ!

ಕಡಿಮೆ ಓಡಿದ ಕಾರು ಎಂದರೆ ಹೊಸದರಂತೆ ಇರುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಕಾರಿನ ವಿಷಯದಲ್ಲಿ ಇದು ಅರ್ಧ ಸತ್ಯ ಮಾತ್ರ. ಓಡಿ ಸವೆಯುವ ಎಂಜಿನ್‌ಗಳ ಹಾಗೆಯೇ, ನಿಂತು ಕೆಡುವ ಎಂಜಿನ್‌ಗಳೂ ಇವೆ. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1967ರಲ್ಲಿ ನಿಧನರಾದ ಬಳಿಕ ಉತ್ತರಾಧಿಕಾರಿ ಮುಕರ್ರಂ ಜಾ ಅವರ ಕೈಗೆ ಬಂದ ಗ್ಯಾರೇಜಿನಲ್ಲಿ 60ರಷ್ಟು ಕಾರುಗಳಿದ್ದವು, ಅವುಗಳಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು ನಾಲ್ಕೇ ನಾಲ್ಕು ಎಂದು ಇತಿಹಾಸಕಾರರು ಬರೆದಿದ್ದಾರೆ. ಹಣಕ್ಕೆ ಕೊರತೆಯಿಲ್ಲದ ಅರಮನೆಯ ಕಥೆಯೇ ಹೀಗೆ. ಇನ್ನು ನಮ್ಮ ನಿಮ್ಮ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿರುವ ಅಜ್ಜನ ಅಂಬಾಸಿಡರ್, ಮಾವನ ಪ್ರೀಮಿಯರ್ ಪದ್ಮಿನಿ ಪಾಡೇನು?

ಇಂಥ ಕಾರನ್ನು ಮತ್ತೆ ಓಡಿಸಬೇಕು ಎಂದು ಹೊರಟವರು ಸಾಮಾನ್ಯವಾಗಿ ಮಾಡುವ ಮೊದಲ ಕೆಲಸ ಹೊಸ ಬ್ಯಾಟರಿ ತಂದು ಕೀ ತಿರುಗಿಸುವುದು. ಆ ಒಂದು ಕ್ಷಣದಲ್ಲೇ ಉಳಿಯಬಹುದಾಗಿದ್ದ ಎಂಜಿನ್ ಗುಜರಿಗೆ ಹೋಗುವ ಸಾಧ್ಯತೆ ಇರುತ್ತದೆ. ಹಾಗಾದರೆ ಎಂಜಿನ್ ಸೀಜ್ ಆಗುವುದು ಎಂದರೇನು? ನಿಂತಲ್ಲೇ ಅದು ಹೇಗೆ ಹಿಡಿದುಕೊಳ್ಳುತ್ತದೆ? ಬಿಡಿಸುವ ಸರಿಯಾದ ಕ್ರಮ ಯಾವುದು? ಇಲ್ಲಿದೆ ವಿವರ.

ಸೀಜ್ ಆಗುವುದು ಎಂದರೇನು?

ಎಂಜಿನ್ ಒಳಗೆ ಸಿಲಿಂಡರ್ ಎಂಬ ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇರುತ್ತದೆ. ಪಿಸ್ಟನ್ ಸುತ್ತ ಬಳೆಯ ಹಾಗೆ ರಿಂಗ್‌ಗಳಿರುತ್ತವೆ. ಈ ರಿಂಗ್‌ಗಳು ಸಿಲಿಂಡರಿನ ಗೋಡೆಗೆ ಸದಾ ಒತ್ತಿಕೊಂಡೇ ಇರುತ್ತವೆ. ಪಿಸ್ಟನ್‌ಗೂ ಗೋಡೆಗೂ ನಡುವೆ ಇರುವ ಸಂದು ಮಿಲಿಮೀಟರಿನ ನೂರನೇ ಕೆಲವು ಭಾಗಗಳಷ್ಟು ಮಾತ್ರ. ಎಣ್ಣೆಯ ತೆಳು ಪದರವೊಂದೇ ಅಲ್ಲಿ ರಕ್ಷಣೆ.

ಈ ಪಿಸ್ಟನ್ ಅಲುಗಾಡದಂತೆ ಗೋಡೆಗೆ ಹಿಡಿದುಕೊಂಡರೆ ಕ್ರ್ಯಾಂಕ್ ಶಾಫ್ಟ್ ತಿರುಗುವುದಿಲ್ಲ. ಇದನ್ನೇ ಮೆಕ್ಯಾನಿಕ್‌ಗಳು 'ಎಂಜಿನ್ ಜಾಮ್ ಆಗಿದೆ', 'ಸೀಜ್ ಆಗಿದೆ' ಎನ್ನುವುದು.

ಇದರಲ್ಲಿ ಎರಡು ಬಗೆ. ಒಂದು, ಓಡುವಾಗ ನೀರು ಅಥವಾ ಆಯಿಲ್ ಖಾಲಿಯಾಗಿ, ಬಿಸಿಯೇರಿ, ಲೋಹಕ್ಕೆ ಲೋಹ ಉಜ್ಜಿ ಹಿಡಿದುಕೊಳ್ಳುವುದು. ಇಲ್ಲಿ ಒಳಗಿನ ಭಾಗಗಳಿಗೆ ಆಗಲೇ ಪೆಟ್ಟು ಬಿದ್ದಿರುತ್ತದೆ. ಎಂಜಿನ್ ಪೂರ್ತಿ ಬಿಚ್ಚದೆ ವಿಧಿಯಿಲ್ಲ. ಇನ್ನೊಂದು, ಚೆನ್ನಾಗಿಯೇ ಓಡುತ್ತಿದ್ದ ಕಾರನ್ನು ತಂದು ನಿಲ್ಲಿಸಿ, ವರ್ಷಗಳ ನಂತರ ನೋಡಿದರೆ ತಿರುಗದೆ ಇರುವುದು. ಇದು ತುಕ್ಕಿನ ಸೀಜ್. ತಾಳ್ಮೆ ಇದ್ದರೆ ಇಂಥ ಎಷ್ಟೋ ಎಂಜಿನ್‌ಗಳನ್ನು ಉಳಿಸಿಕೊಳ್ಳಬಹುದು.

ಹಾಗಾಗಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ: 'ಕೊನೆಯ ಸಲ ಕಾರು ನಿಲ್ಲಿಸಿದ್ದು ಯಾಕೆ?' 'ಓಡಿಸೋರು ಯಾರೂ ಇರಲಿಲ್ಲ' ಎಂಬ ಉತ್ತರ ಬಂದರೆ ಅದು ಒಳ್ಳೆಯ ಸುದ್ದಿ. 'ದಾರಿಯಲ್ಲಿ ಹೊಗೆ ಬಂದು ನಿಂತುಹೋಗಿತ್ತು, ಎಳೆಸಿಕೊಂಡು ಬಂದೆವು' ಎಂದರೆ ಖರ್ಚಿಗೆ ಸಿದ್ಧರಾಗಿ.

ನಿಂತಲ್ಲೇ ತುಕ್ಕು ಹಿಡಿಯುವುದು ಹೇಗೆ?

ಬಾನೆಟ್ ಮುಚ್ಚಿದೆ, ಶೆಡ್ಡಿನಲ್ಲಿದೆ, ಮಳೆ ಬೀಳುವುದಿಲ್ಲ. ಆದರೂ ಎಂಜಿನ್ ಒಳಗೆ ತೇವ ಹೋಗುವುದು ಹೇಗೆ ಎಂಬ ಅನುಮಾನ ಸಹಜ.

ನಾಲ್ಕು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಒಂದರಲ್ಲಿ ಗಾಳಿ ಒಳಗೆ ಬರುವ ವಾಲ್ವ್ ತೆರೆದಿದ್ದರೆ, ಇನ್ನೊಂದರಲ್ಲಿ ಹೊಗೆ ಹೊರಹೋಗುವ ವಾಲ್ವ್ ತೆರೆದಿರುತ್ತದೆ. ಅಂದರೆ ಕಾರ್ಬುರೇಟರ್ ಮೂಲಕವೋ ಸೈಲೆನ್ಸರ್ ಮೂಲಕವೋ ಹೊರಗಿನ ಗಾಳಿ ನೇರವಾಗಿ ಆ ಸಿಲಿಂಡರಿನ ತನಕ ಹೋಗುತ್ತದೆ. ಹೈದರಾಬಾದ್ ಆಗಲಿ, ಕಲಬುರಗಿ, ರಾಯಚೂರು ಆಗಲಿ, ಬೇಸಿಗೆಯಲ್ಲಿ ಒಣಗಿ ಬಿರಿಯುವ ಊರುಗಳು. ಆ ಸುಡುಬಿಸಿಲಿಗೆ ಸಿಲಿಂಡರ್ ಗೋಡೆಯ ಎಣ್ಣೆ ಇಳಿದು ಹೋಗುತ್ತದೆ. ಜೂನ್‌ನಲ್ಲಿ ಮಳೆ ಶುರುವಾದಾಗ ತೇವದ ಗಾಳಿ ಒಳಗೆ ಸೇರಿ, ರಾತ್ರಿ ತಣ್ಣಗಾದ ಕಬ್ಬಿಣದ ಮೇಲೆ ಹನಿಗಟ್ಟುತ್ತದೆ. ಹೀಗೆ ಹತ್ತು ಮಳೆಗಾಲ ಕಳೆದರೆ ಸಾಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಕೂದಲೆಳೆಯಷ್ಟಿದ್ದ ಸಂದು ತುಂಬಿಹೋಗಿ, ರಿಂಗು ಮತ್ತು ಗೋಡೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಇದಕ್ಕೆ ಇನ್ನೂ ಮೂರು ಕಾರಣ ಸೇರಿಕೊಳ್ಳುತ್ತವೆ.

* ಹೆಡ್ ಗ್ಯಾಸ್ಕೆಟ್ ಸೋರಿ ರೇಡಿಯೇಟರ್ ನೀರು ನಿಧಾನವಾಗಿ ಸಿಲಿಂಡರಿಗೆ ಇಳಿಯುವುದು. ತುಕ್ಕಿನ ಸೀಜ್‌ಗಳಲ್ಲಿ ಅತಿ ಕೆಟ್ಟದ್ದು ಇದೇ.
* ಹಳೇ ಪೆಟ್ರೋಲ್ ಆವಿಯಾಗಿ ಅಂಟಾಗಿ ಉಳಿದು, ವಾಲ್ವ್‌ಗಳ ಕಾಂಡವನ್ನು ಗೋಂದಿನಂತೆ ಹಿಡಿಯುವುದು.
* 'ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುತ್ತೇವೆ' ಎಂಬ ಅಭ್ಯಾಸ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು ಒಂದು ಲೀಟರ್‌ನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಅದು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಎರಡೇ ನಿಮಿಷಕ್ಕೆ ನಿಲ್ಲಿಸಿದರೆ ಒಂದಷ್ಟು ಒಳಗೇ ಉಳಿದುಬಿಡುತ್ತದೆ.

ನಿಜವಾಗಿಯೂ ಎಂಜಿನ್ನೇ ಜಾಮ್ ಆಗಿದೆಯಾ?

ಕೀ ತಿರುಗಿಸಿದಾಗ 'ಟಕ್' ಎಂದು ಸದ್ದು ಬಂದು ಸುಮ್ಮನಾದರೆ ಎಂಜಿನ್ ಸೀಜ್ ಆಗಿದೆ ಎಂದೇ ಅರ್ಥವಲ್ಲ. ಬ್ಯಾಟರಿ ಸತ್ತಿರಬಹುದು, ವೈರಿನ ತುದಿ ಹಸಿರು ಹಿಡಿದಿರಬಹುದು, ಸೆಲ್ಫ್ ಮೋಟಾರಿನ ಹಲ್ಲು ಫ್ಲೈವೀಲಿಗೆ ಸಿಕ್ಕಿಕೊಂಡಿರಬಹುದು. ಕೆಲವೊಮ್ಮೆ ಡೈನಮೋ ಅಥವಾ ನೀರಿನ ಪಂಪ್ ಹಿಡಿದುಕೊಂಡು ಬೆಲ್ಟ್ ಮೂಲಕ ಇಡೀ ಎಂಜಿನ್ನನ್ನೇ ತಡೆಯುತ್ತಿರುತ್ತದೆ.

ಆದ್ದರಿಂದ ಮೊದಲು ಗೇರ್ ನ್ಯೂಟ್ರಲ್‌ಗೆ ತಂದು, ಬ್ಯಾಟರಿ ಸಂಪರ್ಕ ತೆಗೆದು, ಫ್ಯಾನ್ ಬೆಲ್ಟ್ ಸಡಿಲಿಸಿ, ಸೆಲ್ಫ್ ಮೋಟಾರ್ ಬಿಚ್ಚಿ ಪಕ್ಕಕ್ಕಿಡಿ. ಆಮೇಲೆ ಎಂಜಿನ್ನನ್ನು ಕೈಯಿಂದ ತಿರುಗಿಸಿ ನೋಡಿ. ಹಾಗೂ ಅಲುಗದಿದ್ದರೆ ಸಮಸ್ಯೆ ಒಳಗೇ ಇದೆ.

ಕಾರು ನೆರೆಗೆ ಸಿಕ್ಕಿತ್ತೇ ಎಂಬುದನ್ನೂ ವಿಚಾರಿಸಿ. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದ್‌ನಲ್ಲಿ ಸುರಿದ ಭಾರಿ ಮಳೆಗೆ ಅಸಂಖ್ಯ ವಾಹನಗಳು ನೀರಿನಲ್ಲಿ ಮುಳುಗಿದ್ದವು. ಇಂಥ ಕಾರಿನ ಸಿಲಿಂಡರಿನಲ್ಲಿ ನೀರೇ ತುಂಬಿರುವ ಸಾಧ್ಯತೆ ಇರುತ್ತದೆ. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಹಾಗಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ನೀರನ್ನು ಹೊರಹಾಕದೆ ಇಂಥ ಎಂಜಿನ್ ಮುಟ್ಟಲೇಬಾರದು.

ಈ ತಪ್ಪುಗಳನ್ನು ಮಾಡಬೇಡಿ

* ಸೆಲ್ಫ್ ಹೊಡೆಯಬೇಡಿ. ಮೋಟಾರಿನ ಬಲಕ್ಕೆ ಕಚ್ಚಿಕೊಂಡ ರಿಂಗ್ ತುಂಡಾದರೆ ಆ ಚೂರುಗಳೇ ಸಿಲಿಂಡರ್ ಗೋಡೆಯನ್ನು ಗೀರುತ್ತವೆ.
* ಗೇರಿಗೆ ಹಾಕಿ ಇನ್ನೊಂದು ವಾಹನದಿಂದ ಎಳೆಸಬೇಡಿ. ಹಳ್ಳಿಗಳಲ್ಲಿ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯುವ ರೂಢಿ ಇದೆ. ಒಂದೋ ಎಂಜಿನ್ ಬಿಡುತ್ತದೆ, ಇಲ್ಲವೇ ರಾಡ್, ಗೇರ್ ಹಲ್ಲು ಹೋಗುತ್ತವೆ.
* ಪಾನಾದ ಹಿಡಿಗೆ ಆರು ಅಡಿ ಪೈಪ್ ಸಿಕ್ಕಿಸಿ ಮೈಭಾರ ಹಾಕಬೇಡಿ. ಕ್ರ್ಯಾಂಕ್ ಬೋಲ್ಟ್ ತುಂಡಾಗಬಹುದು.
* ತಂಪು ಪಾನೀಯ ಸುರಿದರೆ ತುಕ್ಕು ಬಿಡುತ್ತದೆ ಎಂಬ ಮಾತನ್ನು ಎಂಜಿನ್ ಮೇಲೆ ಪ್ರಯೋಗಿಸಬೇಡಿ. ಅದರಲ್ಲಿ ಇರುವುದು ನೀರು, ಸಕ್ಕರೆ ಮತ್ತು ಆಮ್ಲ. ಇದ್ದ ತುಕ್ಕಿನ ಜೊತೆ ಹೊಸ ತುಕ್ಕು ಸೇರುತ್ತದೆ.

ಬಿಡಿಸುವ ಕ್ರಮ: ಹಂತ ಹಂತವಾಗಿ

1. ಸಿದ್ಧತೆ. ಕಾರನ್ನು ಸಮತಟ್ಟಾದ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಿ. ರೇಡಿಯೇಟರ್ ನೀರು ಇಳಿಸಿ. ಎಂಜಿನ್ ಆಯಿಲ್ ಇಳಿಸುವಾಗ ಅದನ್ನು ಗಮನಿಸಿ. ಮೊದಲು ನೀರು ಬಂದರೆ ಅಥವಾ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣದಲ್ಲಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಲೋಹದ ಹೊಳೆಯುವ ಪುಡಿ ಕಂಡರೆ ಬೇರಿಂಗ್ ಹೋಗಿರುವ ಸಾಧ್ಯತೆ ಇದೆ. ಅಂಥ ಎಂಜಿನ್ನನ್ನು ಬಿಚ್ಚಿಯೇ ನೋಡಬೇಕು.

2. ಪ್ಲಗ್ ತೆಗೆಯಿರಿ. ಮೊದಲು ಪ್ಲಗ್‌ಗಳ ಸುತ್ತಲಿನ ಧೂಳು, ಇಲಿ ಗೂಡಿನ ಕಸ ಊದಿ ತೆಗೆಯಿರಿ. ಇಲ್ಲದಿದ್ದರೆ ಅದೆಲ್ಲ ಒಳಗೆ ಬೀಳುತ್ತದೆ. ಪ್ಲಗ್‌ಗಳಿಗೆ ಸಿಲಿಂಡರಿನ ನಂಬರ್ ಹಾಕಿ ಸಾಲಾಗಿ ಇಡಿ. ಉಳಿದವು ಒಣಗಿದ್ದು ಒಂದು ಮಾತ್ರ ತುಕ್ಕು ಹಿಡಿದಿದ್ದರೆ ನಿಮ್ಮ ಶತ್ರು ಯಾವ ಸಿಲಿಂಡರಿನಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮೊಬೈಲಿಗೆ ಜೋಡಿಸುವ ತೆಳು ಕೇಬಲ್ಲಿನ ಕ್ಯಾಮೆರಾಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಪ್ಲಗ್ ತೂತಿನಿಂದ ಅದನ್ನು ಇಳಿಸಿದರೆ ಒಳಗಿನ ಗೋಡೆಯನ್ನು ಕಣ್ಣಾರೆ ನೋಡಬಹುದು.

3. ನೆನೆಸಿ. ಇದೇ ಮುಖ್ಯ ಹಂತ. ಪ್ರತಿ ಸಿಲಿಂಡರಿಗೂ ಪಿಸ್ಟನ್ ತಲೆ ಮುಳುಗುವಷ್ಟು ತುಕ್ಕು ಬಿಡಿಸುವ ಎಣ್ಣೆ ಹಾಕಬೇಕು. ಹಳೇ ಮೆಕ್ಯಾನಿಕ್‌ಗಳು ಡೀಸೆಲ್ ಮತ್ತು ಆಯಿಲ್ ಬೆರೆಸಿ ಹಾಕುತ್ತಾರೆ. ಹಳೇ ಕಾರುಗಳ ಹವ್ಯಾಸಿಗಳಲ್ಲಿ ಜನಪ್ರಿಯವಾಗಿರುವುದು ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಬಳಸುವ ಎಟಿಎಫ್ ಆಯಿಲ್‌ನ ಸಮಪಾಲು ಮಿಶ್ರಣ. ತೆಳ್ಳಗಿನ ಅಸಿಟೋನ್ ಎಣ್ಣೆಯನ್ನು ಸಣ್ಣ ಸಂದಿಗೂ ಕರೆದೊಯ್ದು ತಾನು ಆವಿಯಾಗುತ್ತದೆ, ಎಣ್ಣೆ ಅಲ್ಲಿ ಉಳಿಯುತ್ತದೆ. ಇವೆರಡೂ ಬೇಗ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಿ ಹಾಕಬೇಕು.

ಎಚ್ಚರಿಕೆ: ಅಸಿಟೋನ್ ಪೆಟ್ರೋಲಿನಷ್ಟೇ ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಹತ್ತಿರ ಬೀಡಿ, ಸಿಗರೇಟ್, ವೆಲ್ಡಿಂಗ್ ಕಿಡಿ ಇರಬಾರದು. ಕೈಗವಸು, ಕನ್ನಡಕ ಕಡ್ಡಾಯ. ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವೂ ಎದ್ದು ಬರುತ್ತದೆ.

4. ಕಾಯಿರಿ. ಮರುದಿನ ಎಣ್ಣೆಯ ಮಟ್ಟ ನೋಡಿ. ಒಂದು ಸಿಲಿಂಡರಿನಲ್ಲಿ ಮಟ್ಟ ಇಳಿದಿದ್ದರೆ ಎಣ್ಣೆ ರಿಂಗ್ ದಾಟಿ ಕೆಳಗೆ ಹೋಗುತ್ತಿದೆ ಎಂದರ್ಥ. ಒಂದಿಷ್ಟೂ ಇಳಿಯದಿದ್ದರೆ ಅಲ್ಲೇ ಹಿಡಿತ ಬಿಗಿಯಾಗಿರಬಹುದು. ಕಡಿಮೆಯಾದಷ್ಟು ಮತ್ತೆ ಹಾಕಿ. ಎರಡು ದಿನಕ್ಕೆ ಬಿಡುವ ಎಂಜಿನ್‌ಗಳಿವೆ, ಎರಡು ವಾರ, ತಿಂಗಳು ಬೇಡುವವೂ ಇವೆ. ತುಕ್ಕು ಹಿಡಿಯಲು ಹತ್ತು ವರ್ಷ ತೆಗೆದುಕೊಂಡಿದೆ, ಬಿಡಲು ಹತ್ತು ದಿನ ಕೊಡುವುದು ದೊಡ್ಡದಲ್ಲ.

5. ವಾಲ್ವ್ ನೋಡಿ. ಬಹಳ ಜನ ಮರೆಯುವ ಹಂತವಿದು. ಪಿಸ್ಟನ್ ಬಿಟ್ಟರೂ ವಾಲ್ವ್ ಹಿಡಿದುಕೊಂಡಿದ್ದರೆ, ಎಂಜಿನ್ ತಿರುಗಿಸಿದ ಕೂಡಲೇ ಪುಶ್ ರಾಡ್ ಬಾಗುತ್ತದೆ. ಅಂಬಾಸಿಡರಿನ 1489 ಸಿಸಿ, ಪದ್ಮಿನಿಯ 1089 ಸಿಸಿ ಪೆಟ್ರೋಲ್ ಎಂಜಿನ್ ಎರಡರಲ್ಲೂ ವಾಲ್ವ್‌ಗಳು ಪಿಸ್ಟನ್ನಿನ ಮೇಲ್ಭಾಗದಲ್ಲಿವೆ. ರಾಕರ್ ಕವರ್ ಬಿಚ್ಚಿ ವಾಲ್ವ್ ಕಾಂಡಗಳಿಗೂ ಎಣ್ಣೆ ಬಿಡಿ. ರಾಕರ್ ಶಾಫ್ಟ್ ಸಡಿಲಿಸಿದರೆ ವಾಲ್ವ್‌ಗಳೆಲ್ಲ ತಮ್ಮ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳಬೇಕು. ಯಾವುದು ಮೇಲೆ ಬರುವುದಿಲ್ಲವೋ ಅದು ಅಂಟಿಕೊಂಡಿದೆ. ನಿಜಾಮರ ಸಿಲ್ವರ್ ಘೋಸ್ಟ್, ಹಳೇ ವಿಲ್ಲಿಸ್ ಜೀಪಿನಂಥ ಸೈಡ್ ವಾಲ್ವ್ ಎಂಜಿನ್‌ಗಳಲ್ಲಿ ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವುದರಿಂದ ಪಿಸ್ಟನ್ನಿಗೆ ಅದು ತಾಗುವ ಭಯವಿಲ್ಲ.

6. ಅಲುಗಿಸಿ. ಮುಂದಿನ ಪುಲ್ಲಿಯ ದೊಡ್ಡ ಬೋಲ್ಟಿಗೆ ಸರಿಯಾದ ಅಳತೆಯ ಸಾಕೆಟ್ ಹಾಕಿ, ಎರಡು ಅಡಿಗಿಂತ ಉದ್ದವಲ್ಲದ ಹಿಡಿಯಿಂದ ನಿಧಾನವಾಗಿ ಒತ್ತಡ ಕೊಡಿ. ಎಂಜಿನ್ ತಿರುಗುವ ದಿಕ್ಕಿಗೆ ಒಮ್ಮೆ, ಹಿಂದಕ್ಕೆ ಒಮ್ಮೆ. ಹಿಂದಕ್ಕೆ ಒತ್ತುವಾಗ ಆ ಬೋಲ್ಟೇ ಬಿಚ್ಚಿಕೊಳ್ಳಬಹುದು, ಗಮನವಿರಲಿ. ಅಂಬಾಸಿಡರ್, ಪದ್ಮಿನಿ ಇದ್ದವರಿಗೆ ಇಲ್ಲೊಂದು ಅನುಕೂಲ. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ವ್ಯವಸ್ಥೆ ಈ ಕಾರುಗಳಿಗಿತ್ತು. ಡಿಕ್ಕಿಯಲ್ಲಿ ಆ ಹ್ಯಾಂಡಲ್ ಇನ್ನೂ ಇದ್ದರೆ ಅದೇ ನಿಮ್ಮ ಆಯುಧ.

ಒಂದು ಮಿಲಿಮೀಟರ್ ಅಲುಗಿದರೂ ಗೆದ್ದಂತೆ. ಆದರೆ ಅಲ್ಲಿಂದ ಮುಂದಕ್ಕೆ ಒಂದೇ ಸಮ ಎಳೆಯಬೇಡಿ. ಅಷ್ಟಕ್ಕೆ ನಿಲ್ಲಿಸಿ ಹಿಂದಕ್ಕೆ ತನ್ನಿ, ಮತ್ತೆ ಎಣ್ಣೆ ಹಾಕಿ, ಮತ್ತೆ ಮುಂದಕ್ಕೆ. ಹೀಗೆ ಹಿಂದೆ ಮುಂದೆ ಮಾಡಿದಾಗ ತುಕ್ಕಿನ ಪುಡಿ ಎಣ್ಣೆಯಲ್ಲಿ ಬೆರೆತು ಹೊರಬರುತ್ತದೆ. ಒಂದೇ ಸಲ ತಿರುಗಿಸಿದರೆ ಅದೇ ಪುಡಿ ಉಪ್ಪುಕಾಗದದಂತೆ ಗೋಡೆಯನ್ನು ಉಜ್ಜುತ್ತದೆ.

7. ಬಿಡದಿದ್ದರೆ ಹೆಡ್ ಬಿಚ್ಚಿ. ವಾರಗಟ್ಟಲೆ ನೆನೆಸಿದರೂ ಅಲುಗದಿದ್ದರೆ ಬಲ ಹೆಚ್ಚಿಸುವುದು ಪರಿಹಾರವಲ್ಲ. ಹೆಡ್ ತೆಗೆದರೆ ಯಾವ ಸಿಲಿಂಡರಿನಲ್ಲಿ ತುಕ್ಕಿದೆ ಎಂಬುದು ಕಾಣುತ್ತದೆ. ಪಿಸ್ಟನ್ನಿಗಿಂತ ಮೇಲಿರುವ ಗೋಡೆಯ ತುಕ್ಕನ್ನು ಮೊದಲು ಸ್ವಚ್ಛ ಮಾಡಬೇಕು. ಆಮೇಲೆ ಪಿಸ್ಟನ್ ತಲೆಯ ಮೇಲೆ ಅಗಲವಾದ ಗಟ್ಟಿ ಮರದ ತುಂಡಿಟ್ಟು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಕಬ್ಬಿಣದಿಂದ ನೇರವಾಗಿ ಹೊಡೆದರೆ ಅಲ್ಯೂಮಿನಿಯಂ ಪಿಸ್ಟನ್ ತೂತಾಗುತ್ತದೆ. ಕೆಳಗಿನಿಂದ ಸಂಪ್ ಬಿಚ್ಚಿ ಹಿಡಿದಿರುವ ಪಿಸ್ಟನ್ನಿನ ರಾಡ್ ಕಳಚಿದರೆ, ಉಳಿದ ಎಂಜಿನ್ ಸಲೀಸಾಗಿ ತಿರುಗುತ್ತದೋ ಎಂಬುದೂ ತಿಳಿಯುತ್ತದೆ. ಈ ಹಂತಕ್ಕೆ ಬಂದಾಗ ಅನುಭವಿ ಮೆಕ್ಯಾನಿಕ್ ಪಕ್ಕದಲ್ಲಿರಲಿ. ಗೋಡೆಯಲ್ಲಿ ಆಳವಾದ ಗುಳಿಗಳಿದ್ದರೆ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬೇಕು, ಇಲ್ಲವೇ ಹೊಸ ಸ್ಲೀವ್ ಕೂರಿಸಬೇಕು.

ತಿರುಗಿತು! ಈಗ ಸ್ಟಾರ್ಟ್ ಮಾಡಬಹುದಾ?

ಇಲ್ಲ, ಇನ್ನೂ ಸಮಯವಿದೆ. ಖುಷಿಯಲ್ಲಿ ಇಲ್ಲಿ ಎಡವುವವರೇ ಹೆಚ್ಚು.

ಮೊದಲು, ಪ್ಲಗ್ ತೂತುಗಳ ಮೇಲೆ ಹಳೇ ಬಟ್ಟೆ ಹಾಕಿ, ಮುಖ ದೂರವಿಟ್ಟು, ಕೈಯಿಂದಲೇ ಎಂಜಿನ್ನನ್ನು ಹಲವು ಸುತ್ತು ತಿರುಗಿಸಿ. ಒಳಗಿದ್ದ ಎಣ್ಣೆ ಚಿಮ್ಮಿ ಹೊರಬರುತ್ತದೆ. ಸಿಲಿಂಡರಿನಲ್ಲಿ ದ್ರವ ಉಳಿದಿರುವಾಗ ಪ್ಲಗ್ ಹಾಕಿ ಸೆಲ್ಫ್ ಹೊಡೆದರೆ ನೆರೆ ನೀರಿನಿಂದ ಆಗುವ ಅನಾಹುತವೇ ಇಲ್ಲೂ ಆಗುತ್ತದೆ. ಸಂಪಿಗೆ ಇಳಿದಿರುವ ಮಿಶ್ರಣವನ್ನು ಹೊರತೆಗೆದು, ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ.

ನಂತರ ಪ್ಲಗ್ ಇಲ್ಲದೆಯೇ, ಇಗ್ನಿಷನ್ ಕಾಯಿಲ್ ಸಂಪರ್ಕ ತಪ್ಪಿಸಿ, ಸೆಲ್ಫ್‌ನಿಂದ ಕೆಲವು ಸೆಕೆಂಡ್ ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಮೇಲೇರುವುದನ್ನು ಅಥವಾ ದೀಪ ಆರುವುದನ್ನು ಖಚಿತಪಡಿಸಿಕೊಳ್ಳಿ. ಕಂಪ್ರೆಷನ್ ಗೇಜ್ ಇದ್ದರೆ ಎಲ್ಲ ಸಿಲಿಂಡರ್‌ಗಳ ಒತ್ತಡ ಅಳೆದು ಬರೆದಿಡಿ. ಒಂದರಲ್ಲಿ ಮಾತ್ರ ತೀರಾ ಕಡಿಮೆ ಇದ್ದರೆ, ಅದಕ್ಕೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಆಗ ಒತ್ತಡ ಏರಿದರೆ ದೋಷ ರಿಂಗಿನದು, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು.

ಹಳೇ ಟ್ಯಾಂಕಿನ ಪೆಟ್ರೋಲ್ ಬಳಸಲೇಬೇಡಿ. ಅದರಲ್ಲಿರುವ ತುಕ್ಕು ಮತ್ತು ಅಂಟು ಕಾರ್ಬುರೇಟರನ್ನು ಮುಚ್ಚಿಹಾಕುತ್ತದೆ. ಟ್ಯಾಂಕ್ ತೊಳೆಸಿ, ರಬ್ಬರ್ ಪೈಪುಗಳನ್ನು ಬದಲಿಸಿ. ಈಗ ಬಂಕ್‌ಗಳಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೇ ಕಾಲದ ರಬ್ಬರನ್ನು ಮೆತ್ತಗಾಗಿಸುತ್ತದೆ. ಆ ಕಾಲದ ಕಾರುಗಳು ಇದಕ್ಕೆಂದು ತಯಾರಾದವಲ್ಲ.

ಇನ್ನೊಂದು ಮುಖ್ಯ ವಿಷಯ: ಎಂಜಿನ್ ಸ್ಟಾರ್ಟ್ ಆಗುವ ಮೊದಲು ಬ್ರೇಕ್ ಕೆಲಸ ಮಾಡಬೇಕು. ಹತ್ತು ವರ್ಷ ನಿಂತ ಕಾರಿನ ಬ್ರೇಕ್ ಸಿಲಿಂಡರ್‌ಗಳೂ ಅಷ್ಟೇ ತುಕ್ಕು ಹಿಡಿದಿರುತ್ತವೆ.

ಎಲ್ಲ ಸರಿಯಿದ್ದರೆ ಸ್ಟಾರ್ಟ್ ಮಾಡಿ. ಹ್ಯಾಂಡಲ್ ಹೊಡೆಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಜೊತೆಗೇ ಒಂದೇ ಕಡೆ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುವುದನ್ನು ಇದು ತಪ್ಪಿಸುತ್ತದೆ. ಮೊದಲ ಕೆಲವು ನಿಮಿಷ ಸೈಲೆನ್ಸರಿನಿಂದ ದಟ್ಟ ಹೊಗೆ ಬರುತ್ತದೆ. ಉಳಿದ ಎಣ್ಣೆ ಉರಿಯುವುದರಿಂದ ಇದು ಸಹಜ. ಆದ್ದರಿಂದ ಮುಚ್ಚಿದ ಶೆಡ್ಡಿನಲ್ಲಿ ಸ್ಟಾರ್ಟ್ ಮಾಡಬೇಡಿ. ನೀರಿನ ಬಿಸಿ ಮತ್ತು ಆಯಿಲ್ ಪ್ರೆಶರ್ ಮೇಲೆ ಕಣ್ಣಿಟ್ಟು 15ರಿಂದ 20 ನಿಮಿಷ ಓಡಿಸಿ. ಆ ಆಯಿಲನ್ನೂ ಬೇಗನೆ ಬದಲಿಸಿ.

ಎಂಜಿನ್ ಬದಲಿಸಿದರೆ ಆಗದೇ?

'ಇಷ್ಟೆಲ್ಲ ಯಾಕೆ? ಗುಜರಿಯಿಂದ ಬೇರೆ ಎಂಜಿನ್ ತಂದು ಹಾಕಿದರಾಯಿತು' ಎನ್ನುವವರಿದ್ದಾರೆ. ಬೆಂಗಳೂರಿನ ಜೆ.ಸಿ. ರಸ್ತೆ, ಸಿಕಂದರಾಬಾದ್‌ನ ರಾಣಿಗಂಜ್‌ನಂಥ ಕಡೆ ಬಿಡಿಭಾಗಗಳಿಗಾಗಿ ಹುಡುಕಬಹುದು. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿ ತಿದ್ದುಪಡಿ ಮಾಡಿಸಬೇಕು.

50 ವರ್ಷ ದಾಟಿದ ಕಾರಾದರೆ ಲೆಕ್ಕ ಇನ್ನೂ ದೊಡ್ಡದು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿದೆ. 50 ವರ್ಷಕ್ಕಿಂತ ಹಳೆಯ, ಮೂಲ ಸ್ವರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ಗಣನೀಯ ಬದಲಾವಣೆ ಮಾಡಿರಬಾರದು. ರಾಜ್ಯದ ಸಂಕೇತದ ನಂತರ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000 ರೂಪಾಯಿ ಎಂದು ನಿಯಮ ನಿಗದಿಪಡಿಸಿತ್ತು. ಪ್ರದರ್ಶನ, ವಿಂಟೇಜ್ ರ್‍ಯಾಲಿ, ಇಂಧನ, ರಿಪೇರಿಗೆ ರಸ್ತೆಗಿಳಿಯಬಹುದೇ ಹೊರತು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ಅಂದರೆ ಕಾರಿನ ಜೊತೆಯಲ್ಲೇ ಹುಟ್ಟಿದ ಎಂಜಿನ್ ಉಳಿಸಿಕೊಳ್ಳುವುದು ಭಾವನೆಯ ಮಾತಷ್ಟೇ ಅಲ್ಲ, ದಾಖಲೆಯ ಮಾತೂ ಹೌದು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿತು. ಪದ್ಮಿನಿ ನಿಂತು ಅದಕ್ಕಿಂತಲೂ ಹೆಚ್ಚು ಕಾಲವಾಯಿತು. ಇನ್ನು ಇವು ಹುಟ್ಟುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳುವುದಷ್ಟೇ ನಮ್ಮ ಕೈಯಲ್ಲಿದೆ.

ಎಲ್ಲ ಕಾರೂ ಓಡಲೇಬೇಕು ಎಂದೇನಿಲ್ಲ. ಮುಕರ್ರಂ ಜಾ ಅವರ ಮಾಜಿ ಪತ್ನಿ ಪ್ರಿನ್ಸೆಸ್ ಎಸ್ರಾ ಅವರ ಮುತುವರ್ಜಿಯಲ್ಲಿ ಚೌಮಹಲ್ಲಾ ಜೀರ್ಣೋದ್ಧಾರವಾದ ಬಳಿಕ ನಿಜಾಮರ ಕಾರುಗಳೂ ಜನರ ಕಣ್ಣಿಗೆ ಬಿದ್ದವು. ನಮ್ಮಲ್ಲಿ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಮ್ಯೂಸಿಯಂಗಳಲ್ಲಿ ಹಳೇ ಕಾರುಗಳ ದೊಡ್ಡ ಸಂಗ್ರಹವೇ ಇದೆ. ಆದರೆ ಪ್ರದರ್ಶನಕ್ಕೆ ನಿಂತ ಕಾರಿನ ಎಂಜಿನ್ ಕೂಡ ತಿರುಗುವಂತಿದ್ದರೆ ಮುಂದಿನ ತಲೆಮಾರಿಗೆ ಅದನ್ನು ಓಡಿಸುವ ಆಯ್ಕೆ ಉಳಿಯುತ್ತದೆ.

ಮತ್ತೆ ಸೀಜ್ ಆಗದಂತೆ ನಿಲ್ಲಿಸುವುದು ಹೇಗೆ?

ವಿದೇಶಕ್ಕೆ ಹೊರಟಿದ್ದೀರಾ? ಕಾರನ್ನು ಊರಿನ ಮನೆಯಲ್ಲಿ ಬಿಡುತ್ತಿದ್ದೀರಾ? ಇಷ್ಟು ಮಾಡಿ:

* ನಿಲ್ಲಿಸುವ ಮೊದಲು ಅರ್ಧ ಗಂಟೆ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾಗಲಿ. ಬಿಸಿ ಇರುವಾಗಲೇ ಹಳೇ ಆಯಿಲ್ ಇಳಿಸಿ ಹೊಸದು ಹಾಕಿ. ಹಳೇ ಆಯಿಲ್‌ನಲ್ಲಿ ಆಮ್ಲದ ಅಂಶ ಸೇರಿರುತ್ತದೆ.
* ತಣ್ಣಗಾದ ಮೇಲೆ ಪ್ಲಗ್ ತೆಗೆದು ಪ್ರತಿ ಸಿಲಿಂಡರಿಗೆ ಒಂದೆರಡು ಚಮಚ ಆಯಿಲ್ ಹಾಕಿ, ಕೈಯಿಂದ ಕೆಲವು ಸುತ್ತು ತಿರುಗಿಸಿ, ಪ್ಲಗ್ ಹಾಕಿ.
* ಸೈಲೆನ್ಸರ್ ತುದಿ ಮತ್ತು ಏರ್ ಫಿಲ್ಟರ್ ಬಾಯಿಯನ್ನು ಎಣ್ಣೆ ಸವರಿದ ಬಟ್ಟೆಯಿಂದ ಮುಚ್ಚಿ. ಇಲಿಗಳೂ ಒಳಗೆ ಹೋಗುವುದಿಲ್ಲ. ಬಟ್ಟೆ ತುರುಕಿರುವುದನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿಗೆ ಕಟ್ಟಿ.
* ರೇಡಿಯೇಟರಿಗೆ ಬರೀ ನಲ್ಲಿ ನೀರು ಬೇಡ, ಕೂಲೆಂಟ್ ಇರಲಿ. ಕಾರ್ಬುರೇಟರಿನ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿ ಸಂಪರ್ಕ ತೆಗೆಯಿರಿ.
* ಪ್ಲಾಸ್ಟಿಕ್ ಟಾರ್ಪಾಲು ಬಿಗಿಯಾಗಿ ಹೊದಿಸಬೇಡಿ, ಅದು ತೇವವನ್ನು ಒಳಗೇ ಹಿಡಿಯುತ್ತದೆ. ಹತ್ತಿ ಬಟ್ಟೆಯ ಕವರ್ ಒಳ್ಳೆಯದು.
* ಊರಲ್ಲಿರುವವರಿಗೆ ತಿಂಗಳಿಗೊಮ್ಮೆ ಎಂಜಿನ್ನನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಲು ಹೇಳಿ, ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲಲಿ. ಸ್ಟಾರ್ಟ್ ಮಾಡುವುದಾದರೆ ಎರಡು ನಿಮಿಷಕ್ಕೆ ನಿಲ್ಲಿಸದೆ, ಅರ್ಧ ಗಂಟೆ ಓಡಿಸಿಕೊಂಡು ಬರಲಿ.

ಶೆಡ್ಡಿನಲ್ಲಿ ಈಗಾಗಲೇ ನಿಂತಿರುವ ಕಾರಿದ್ದರೆ, ಮುಂದಿನ ಮಳೆಗಾಲಕ್ಕೆ ಮೊದಲು ಪ್ಲಗ್ ಬಿಚ್ಚಿ ಎಣ್ಣೆ ಹಾಕುವಷ್ಟಾದರೂ ಮಾಡಿ. ಅದಕ್ಕೆ ಬೇಕಿರುವುದು ಒಂದು ಪ್ಲಗ್ ಪಾನಾ, ಒಂದು ಲೀಟರ್ ಎಣ್ಣೆ, ಒಂದು ಭಾನುವಾರ. ಓಡಿಸುವುದೋ, ಮಾರುವುದೋ, ಮ್ಯೂಸಿಯಂಗೆ ಕೊಡುವುದೋ ಎಂಬುದನ್ನು ಆಮೇಲೆ ನಿಧಾನವಾಗಿ ತೀರ್ಮಾನಿಸಬಹುದು.